ಕಂಚುಕಿಗಳ ಕಮಿಟ್‌ಮೆಂಟು

"ಬೈಬಲ್ಲಿನ ಎಸ್ತೇರ್ ರಾಣಿಯಿಂದ ಕಲಿಯಬೇಕಾದ 7 ನಾಯಕತ್ವದ ಪಾಠಗಳು," ಎಂದು ಶೀನಿ ಮೊಬೈಲ್ ನೋಡಿಕೊಂಡು ಓದಿದ. "ನಮ್ಮ ಬಾಸ್ ಆಫೀಸ್ ಗ್ರೂಪಿಗೆ ಹಾಕಿದ್ದಾರೆ. ಮೊದಲನೇ ಪಾಠ, ನೂರಕ್ಕೆ ನೂರು ಕಮಿಟ್‌ಮೆಂಟ್."

"ರಾಣಿ ಇರಲಿ," ಎಂದರು ಪದ್ಮಕ್ಕ. "ಆ ಅರಮನೆ ತುಂಬ ಕಂಚುಕಿಗಳು, ಅಂದ್ರೆ ನಪುಂಸಕ ಸೇವಕರು, ಇದ್ದರಲ್ಲ, ಅವರಿಂದ ಎಷ್ಟು ಪಾಠವಂತೆ?"

"ಅವರದ್ದು ಕಳಿಸಿಲ್ಲ."

"ಮೊದಲು ಅವರದ್ದೇ ಕಳಿಸಬೇಕಿತ್ತು. ನಿಮ್ಮ ಬಾಸ್ ಸಂಸಾರ ಮರೆತು ದುಡೀರಿ ಅಂತ ದಿನಾ ಗಂಟಲು ಹರ್ಕೋತಾರೆ. ಆ ಕಾಲದ ರಾಜರಿಗೆ ಅಷ್ಟು ತಾಳ್ಮೆ ಇರಲಿಲ್ಲ. ಸಂಸಾರದ ಸಾಧ್ಯತೆಯನ್ನೇ ಕತ್ತರಿಸಿ ಆಮೇಲೆ ಕೆಲಸ ಕೊಡ್ತಿದ್ರು."

ರಾಯಪ್ಪ ಕಾಫಿ ಲೋಟ ಕೆಳಗಿಟ್ಟ. "ಲೆಕ್ಕಾಚಾರ ಸರಿಯಾಗೇ ಇತ್ತು ಪದ್ಮಕ್ಕ. ಮಕ್ಕಳಿಲ್ಲದವನು ಮಗನನ್ನು ಸಿಂಹಾಸನದ ಮೇಲೆ ಕೂರಿಸೋ ಆಸೆ ಪಡಲ್ಲ. ರಾಣೀವಾಸಕ್ಕೂ ಧೈರ್ಯವಾಗಿ ಬಿಡಬಹುದು. ಎಸ್ತೇರಳನ್ನು ನೋಡಿಕೊಂಡವನೂ ಹೇಗೈ ಅನ್ನೋ ಕಂಚುಕಿಯೇ. 12 ತಿಂಗಳು ಎಣ್ಣೆ, ಸುಗಂಧ ಎಲ್ಲಾ ಹಚ್ಚಿಸಿದ. ರಾಜನ ಹತ್ತಿರ ಹೋಗುವಾಗ ಅವಳು ಅವನು ಹೇಳಿದ್ದಷ್ಟನ್ನೇ ತಗೊಂಡು ಹೋದಳು, ಕಿರೀಟ ಸಿಕ್ಕಿತು."

"ನೋಡಿದ್ಯಾ? ಕೆಲಸ ಹೇಗೈಯದು, ಪಾಠ ಎಸ್ತೇರಳದು. ನಿಮ್ಮ ಆಫೀಸಿನ ಹಾಗೇ ಆಯ್ತಲ್ಲ."

ಶೀನಿಗೆ ಸ್ವಲ್ಪ ನಾಟಿತು. "ಆದ್ರೂ ಅಂಥವರ ನಿಷ್ಠೆ ಗಟ್ಟಿ ಅಲ್ವಾ?"

"ಭಾರೀ ಗಟ್ಟಿ! ದಂಗೆ ಎದ್ದು ಬಂದು ಕೆಳಗೆ ನಿಂತ ಸೇನಾಪತಿ ಯೇಹು, 'ನನ್ನ ಕಡೆ ಯಾರಿದ್ದೀರಿ' ಅಂತ ಕೂಗಿದ ತಕ್ಷಣ ಈಜೆಬೆಲ್ ರಾಣಿಯನ್ನು ಕಿಟಕಿಯಿಂದ ಎಸೆದವರು ಅವಳದೇ ಎರಡು ಮೂರು ಜನ ಕಂಚುಕಿಗಳು. ಎಸ್ತೇರಳ ಗಂಡ ಅಹಷ್ವೇರೋಷನ ಬಾಗಿಲು ಕಾಯ್ತಿದ್ದ ಇಬ್ಬರು ಕಂಚುಕಿಗಳು ಅವನನ್ನೇ ಮುಗಿಸೋಕೆ ಸಂಚು ಮಾಡಿದ್ರು. ಇನ್ನೊಬ್ಬ ಹರ್ಬೋನ, ಅವನು ಜಾಣ. ರಾಜನಿಗೆ ತನ್ನ ಮಂತ್ರಿ ಹಾಮಾನನ ಮೇಲೆ ಸಿಟ್ಟು ಬಂದಿದ್ದೇ ತಡ, 'ಇವನ ಮನೆ ಹತ್ತಿರ 50 ಮೊಳದ ಗಲ್ಲು ರೆಡಿ ಇದೆ ಮಹಾಸ್ವಾಮಿ' ಅಂದ. ಇಂಥವನು ಪ್ರತಿ ಆಫೀಸಲ್ಲೂ ಒಬ್ಬ ಇರ್ತಾನೆ."

"ಎಲ್ಲರೂ ಹಾಗಲ್ಲ," ಎಂದ ರಾಯಪ್ಪ. "ಪ್ರವಾದಿ ಯೆರೆಮೀಯನನ್ನು ಕೆಸರಿನ ಬಾವಿಗೆ ಇಳಿಸಿದಾಗ, ಬಾಯಿ ಬಿಟ್ಟು ರಾಜನನ್ನು ಕೇಳಿದವನು ಎಬೆದ್ಮೆಲೆಕ ಅನ್ನೋ ಕಂಚುಕಿ. ಹಗ್ಗದ ಜೊತೆ ಹಳೇ ಬಟ್ಟೆನೂ ಇಳಿಬಿಟ್ಟ, ಕಂಕುಳಿಗೆ ಇಟ್ಕೊಳ್ಳಿ, ಒತ್ತಲ್ಲ ಅಂತ."

"ಆ ಹಳೇ ಬಟ್ಟೆಗೆ ಒಂದು ಪಾಠ ಮಾಡಲ್ಲ ನೋಡು ಇವರು," ಎಂದರು ಪದ್ಮಕ್ಕ.

"ಇವರೆಲ್ಲ ತಾವಾಗೇ ಬಂದು ಸೇರಿದವರಾ?"

"ಎಲ್ಲಿಂದ ಬಂತು! ಯೆಹೂದದ ಹಿಜ್ಕೀಯ ರಾಜ ಬಾಬೆಲಿನಿಂದ, ಅಂದ್ರೆ ಬ್ಯಾಬಿಲೋನಿನಿಂದ, ಬಂದವರಿಗೆ ಖಜಾನೆಯೆಲ್ಲ ತೆರೆದು ತೋರಿಸಿದ. ಯೆಶಾಯ ಪ್ರವಾದಿ ಬಂದು ಹೇಳಿದ, ಇದನ್ನೆಲ್ಲ ಹೊತ್ಕೊಂಡು ಹೋಗ್ತಾರೆ, ನಿನ್ನ ಸಂತಾನದವರು ಬಾಬೆಲಿನ ಅರಮನೆಯಲ್ಲಿ ಕಂಚುಕಿಗಳಾಗ್ತಾರೆ ಅಂತ. ಅದಕ್ಕೆ ರಾಜ ಏನಂದ ಗೊತ್ತಾ? ಒಳ್ಳೇದು, ನನ್ನ ಕಾಲದಲ್ಲಿ ಶಾಂತಿ ಇರುತ್ತಲ್ಲ."

"ನಮ್ಮ ಬಾಸ್!" ಎಂದ ಶೀನಿ, ಬಾಯಿ ಜಾರಿ.

ರಾಯಪ್ಪ ನಕ್ಕ. "ಯೇಸು ಮೂರು ವಿಧ ಹೇಳ್ತಾನೆ. ಹುಟ್ಟಿನಿಂದ ಆದವರು, ಮನುಷ್ಯರು ಮಾಡಿದವರು, ಪರಲೋಕ ರಾಜ್ಯದ ನಿಮಿತ್ತ ತಾವೇ ಆದವರು."

"ಶೀನಿ ನಾಲ್ಕನೇ ವಿಧ. ಹೋಂ ಲೋನ್ ನಿಮಿತ್ತ ಆದವನು."

ಎಲ್ಲರೂ ನಕ್ಕರು. ಶೀನಿನೂ ನಕ್ಕ, ತಡವಾಗಿ.

"ಆದ್ರೆ ದೇವಸಭೆಗೆ ಅಂಥವರನ್ನು ಸೇರಿಸಬಾರದು ಅಂತ ಮೋಶೆಯ ಧರ್ಮಶಾಸ್ತ್ರದಲ್ಲೇ ಬರೆದಿದೆ," ಎಂದ ರಾಯಪ್ಪ. "ಅರಮನೆಗೆ ಬೇಕು, ಅಲ್ಲಿಗೆ ಬೇಡ. ಇಥಿಯೋಪ್ಯದ ರಾಣಿಯ ಖಜಾಂಚಿ ಒಬ್ಬ ಇದ್ದ, ಅವನೂ ಕಂಚುಕಿ. ಪೂಜೆಗೆ ಅಂತ ಅಷ್ಟು ದೂರದ ಯೆರೂಸಲೇಮಿಗೆ ಬಂದು ವಾಪಸ್ ಹೊರಟಿದ್ದ. ಗಾಜಾ ದಾರಿಯಲ್ಲಿ ರಥದಲ್ಲಿ ಕೂತು ಯೆಶಾಯನ ಸುರುಳಿ ಓದ್ತಿದ್ದ. ಯೇಸುವಿನ ಸುವಾರ್ತೆ ಸಾರುತ್ತಿದ್ದ ಫಿಲಿಪ್ಪ ಬಂದು ಅರ್ಥ ಹೇಳಿದ. ನೀರು ಕಂಡ ಕೂಡಲೇ ಅವನು ಕೇಳಿದ, ನನಗೆ ದೀಕ್ಷಾಸ್ನಾನ ಆಗೋಕೆ ಏನಡ್ಡಿ?"

"ಪಾಪ. ಜೀವನವಿಡೀ ಆ ಪ್ರಶ್ನೆಗೆ ಉತ್ತರ ಗೊತ್ತಿದ್ದವನು," ಎಂದರು ಪದ್ಮಕ್ಕ.

"ಅವತ್ತು ಅಡ್ಡಿ ಆಗಲಿಲ್ಲ. ಅವನು ಓದ್ತಿದ್ದಿದ್ದು ಈಗ ನಾವು 53ನೇ ಅಧ್ಯಾಯ ಅನ್ನೋ ಭಾಗ. ಅದೇ ಸುರುಳಿಯಲ್ಲಿ ಸ್ವಲ್ಪ ಮುಂದೆ, 56ರಲ್ಲಿ, ದೇವರು ಕಂಚುಕಿಗಳಿಗೇ ಮಾತು ಕೊಡ್ತಾನೆ. ನನ್ನ ಆಲಯದಲ್ಲಿ ನಿಮಗೆ ಗಂಡುಹೆಣ್ಣು ಮಕ್ಕಳಿಗಿಂತ ಮೇಲಾದ, ಅಳಿಯದ ಹೆಸರು ಕೊಡ್ತೀನಿ ಅಂತ."

"ಆ ಖಜಾಂಚಿಯ ಹೆಸರೇನು?"

ರಾಯಪ್ಪ ಕನ್ನಡಕ ಒರೆಸಿಕೊಂಡ. "ಬರೆದಿಲ್ಲ."

ಯಾರೂ ಏನೂ ಅನ್ನಲಿಲ್ಲ. ಶೀನಿಯೇ ಕೇಳಿದ, "ಆ ಅಳಿಯದ ಹೆಸರು ಸಿಗೋಕೆ ಏನು ಮಾಡ್ಬೇಕಂತೆ?"

"ಮೊದಲ ಷರತ್ತು, ಸಬ್ಬತ್ ದಿನ ಆಚರಿಸಬೇಕು."

"ಅಂದ್ರೆ?"

"ವಾರದ ರಜೆ ಕಣೋ," ಎಂದರು ಪದ್ಮಕ್ಕ. "ಶನಿವಾರ ಪೂರ್ತಿ. ನಿಮ್ಮ ಬಾಸ್‌ಗೆ ಕಳಿಸು, ಎಂಟನೇ ಪಾಠ ಅಂತ."

"ನನ್ನ ಹೆಸರಲ್ಲೇ ಕಳಿಸ್ಬೇಕಾ?" ಎಂದ ಶೀನಿ.