ಮೂಲೆಯ ಮರಿಗೆ ಅನ್ನ ಬೇಡ ಅತ್ತಿಗೆ

ಅತ್ತಿಗೆ, ನಮ್ಮ ಪೆಟ್ಟಿಗೆಯಲ್ಲಿ ಗೂಡು ಕಟ್ಟಿದ ಮಡಿವಾಳ ಹಕ್ಕಿಯ ನಿನ್ನೆಯ ವಿಡಿಯೋ ನೋಡಿ ನೀವು ಬರೆದದ್ದು ಓದಿದೆ. "ಮೂಲೆಯ ಮರಿ ಸಣ್ಣಗಿದೆ, ತಾಯಿ 10 ನಿಮಿಷವಾದರೂ ಬಂದಿಲ್ಲ, ಗೂಡಿನ ಪೆಟ್ಟಿಗೆ ತೆಗೆದು ಚೂರು ಅನ್ನ, ನೀರು ಕೊಡು" ಅಂದಿದ್ದೀರಿ. ಟೈಪ್ ಮಾಡಿ ಮುಗಿಯುವ ಮಾತಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ನಿಮ್ಮ ಸಂಕಟ ಅರ್ಥವಾಗುತ್ತದೆ. ನನಗೂ ಹಾಗೇ ಆಗುತ್ತದೆ. ಆದರೆ ಅನ್ನ ಬೇಡವೇ ಬೇಡ. ಮಡಿವಾಳ ಹಕ್ಕಿಯ ಮರಿಗೆ ಬೇಕಾದದ್ದು ಹುಳ. ಇವತ್ತು ಬೆಳಿಗ್ಗೆ ಒಂದು ಗಂಟೆ ಮೊಬೈಲ್ ಹಿಡಿದು ಎಣಿಸುತ್ತಾ ಕೂತಿದ್ದೆ. ಗಂಡು ಹೆಣ್ಣು ಸೇರಿ 17 ಸಲ ಬಂದವು. ಕಂಬಳಿಹುಳ, ಮಿಡತೆ, ಒಂದು ಸಲ ಪುಟ್ಟ ಹಲ್ಲಿ! ಕಾವು ಕೊಟ್ಟದ್ದು ಆ ಬೂದು ಬಣ್ಣದ ಹೆಣ್ಣು ಒಂದೇ. ಈಗ ತುತ್ತು ತರಲು ಕಪ್ಪು ಬಿಳಿ ಗಂಡೂ ಸೇರಿಕೊಂಡಿದೆ. ಮರಿಗೆ ನೀರೂ ಆ ಹುಳದಲ್ಲೇ ಸಿಗುತ್ತದೆ. ನಾವು ಬಾಯಿಗೆ ನೀರು ಬಿಟ್ಟರೆ ಉಸಿರಿನ ಕೊಳವೆಗೆ ಇಳಿದು ಸತ್ತೇ ಹೋಗಬಹುದು. ಮತ್ತೆ ಗಮನಿಸಿದ್ರಾ, ಮರಿ ಹಿಕ್ಕೆ ಹಾಕಿದ ಕೂಡಲೇ ತಾಯಿ ಅದನ್ನು ಕೊಕ್ಕಲ್ಲಿ ಎತ್ತಿಕೊಂಡು ದೂರ ಹೋಗುತ್ತದೆ? ಬಿಳಿ ಚೀಲದ ಹಾಗೆ ಇರುತ್ತದೆ ಅದು. ಗೂಡು ಎಷ್ಟು ಚೊಕ್ಕ ನೋಡಿ.

ಹೋದ ವರ್ಷ ಮೊಟ್ಟೆ ಇಟ್ಟ ಮೇಲೆ ಕ್ಯಾಮೆರಾ ಕೂರಿಸಲು ಹೋದೆ. ಡ್ರಿಲ್ ಸದ್ದಿಗೆ ಹಾರಿದ ಹೆಣ್ಣು ವಾಪಸ್ ಬರಲೇ ಇಲ್ಲ. ಹಸಿರು ನೀಲಿಯ ನಾಲ್ಕು ಮೊಟ್ಟೆ ಹಾಗೇ ತಣ್ಣಗಾದವು. ಅದನ್ನು ನಾನು ಮರೆತಿಲ್ಲ. ಈ ಸಲ ಫೆಬ್ರವರಿಯಲ್ಲೇ, ಹಕ್ಕಿ ಪೆಟ್ಟಿಗೆ ನೋಡಲು ಬರುವ ಮೊದಲೇ, ಮುಚ್ಚಳದ ಒಳಗೆ ಕ್ಯಾಮೆರಾ ಕೂರಿಸಿದೆ. ಮತ್ತೆ ಮುಟ್ಟಿಲ್ಲ. ಕರೆಂಟು ಹೋದಾಗ ಚಿತ್ರ ಬರುವುದಿಲ್ಲ, ಹೋಗಲಿ ಬಿಡಿ.

ಸಣ್ಣ ಮರಿ ಉಳಿದೇ ಉಳಿಯುತ್ತದೆ ಎಂದು ಮಾತು ಕೊಡಲಾರೆ. ಕತ್ತು ಉದ್ದ ಮಾಡಿ ಜೋರಾಗಿ ಬಾಯಿ ಬಿಟ್ಟ ಮರಿಗೇ ಮೊದಲು ತುತ್ತು. ದೊಡ್ಡ ಮರಿಗಳ ಹೊಟ್ಟೆ ತುಂಬಿದ ಮೇಲೆ ಇವತ್ತು ಅದಕ್ಕೂ ಮೂರು ಸಲ ಸಿಕ್ಕಿತು. ನನಗೆ ಕಣ್ಣಲ್ಲಿ ನೀರೇ ಬಂತು.

ಇನ್ನೊಂದು ಮಾತು. ಹುಟ್ಟಿ ಸುಮಾರು 15 ದಿನಕ್ಕೆ ಮರಿಗಳು ಹೊರಗೆ ಬರುತ್ತವೆ, ಸರಿಯಾಗಿ ಹಾರಲು ಬರುವ ಮೊದಲೇ. ಶನಿವಾರ ನೀವು ಶಿರಸಿಗೆ ಬಂದಾಗ ಅಂಗಳದಲ್ಲಿ ಕುಪ್ಪಳಿಸುತ್ತಿದ್ದರೆ ಬಿದ್ದಿದೆ ಎಂದು ಎತ್ತಿ ಒಳಗೆ ತರಬೇಡಿ. ತಂದೆ ತಾಯಿ ನೆಲಕ್ಕೇ ಬಂದು ತಿನ್ನಿಸುತ್ತವೆ. ಬೆಕ್ಕನ್ನು ಆ ಕೆಲವು ದಿನ ಒಳಗೇ ಇಟ್ಟುಕೊಳ್ಳುತ್ತೇನೆ, ಪಕ್ಕದ ಮನೆಯವರಿಗೂ ಹೇಳಿದ್ದೇನೆ. ಸಂಜೆ ಇನ್ನೊಂದು ವಿಡಿಯೋ ಹಾಕುತ್ತೇನೆ, ಆ ಮೂಲೆಯ ಮರಿಯನ್ನೇ ನೋಡಿ.