ಬಟ್ಟಲಿನ ಬಳಿ ಗುರುಗುಟ್ಟುವ ನಾಯಿ: ಸಾಕಿದವರು ಹಂಚಿಕೊಂಡ ಅನುಭವ

ಕೇಳಿದ್ದು

ನಮ್ಮ ಗಂಡು ನಾಯಿಗೆ ಈಗ 14 ತಿಂಗಳು. ಮರಿಯಾಗಿದ್ದಾಗ ಹೇಳಿದ ಮಾತು ಕೇಳುತ್ತಿತ್ತು. ಕಳೆದ ಮೂರು ತಿಂಗಳಿಂದ ಕರೆದರೆ ಬರುವುದಿಲ್ಲ, ಹೊರಗೆ ಬೇರೆ ನಾಯಿ ಕಂಡರೆ ಹಗ್ಗ ಜಗ್ಗಿ ಎಗರಿ ಬೊಗಳುತ್ತದೆ, ಊಟದ ಬಟ್ಟಲಿನ ಹತ್ತಿರ ಹೋದರೆ ಗುರುಗುಟ್ಟುತ್ತದೆ. ನೀನು ಅಂಜುಬುರುಕ, ಅದಕ್ಕೇ ಅದು ಯಜಮಾನನಾಗಿದೆ, ಒಮ್ಮೆ ಅಂಗಾತ ಕೆಡವಿ ಅದುಮಿ ಹಿಡಿದರೆ ಸರಿಹೋಗುತ್ತದೆ ಎಂದು ಬಂಧುಗಳು ಹೇಳುತ್ತಿದ್ದಾರೆ. ನನ್ನ ಅಳುಕೇ ಇದಕ್ಕೆಲ್ಲ ಕಾರಣವೇ?

ಮೊದಲ ಉತ್ತರ

ದಯವಿಟ್ಟು ಕೆಡವಬೇಡಿ. ಕೆಡವಿ ಕಚ್ಚಿಸಿಕೊಂಡವನಾಗಿ ಈ ಮಾತು ಹೇಳುತ್ತಿದ್ದೇನೆ. ನನ್ನ ಮೊದಲ ನಾಯಿಯೂ ಬಟ್ಟಲಿನ ಬಳಿ ಗುರುಗುಟ್ಟುತ್ತಿತ್ತು, ನಾನು ಪ್ರತಿಸಲವೂ ಅದನ್ನು ಅಂಗಾತ ಕೆಡವಿ ಗದರುತ್ತಿದ್ದೆ, ಎರಡು ವಾರದಲ್ಲಿ ಸದ್ದಡಗಿದಾಗ ಗೆದ್ದೆನೆಂದು ಬೀಗಿದೆ. ಮೂರನೆಯ ವಾರ ಅದು ಯಾವ ಸೂಚನೆಯನ್ನೂ ಕೊಡದೆ ನೇರವಾಗಿ ಮುಂಗೈಗೆ ಬಾಯಿ ಹಾಕಿತು. ಗುರುಗುಟ್ಟುವುದು 'ಇನ್ನು ಹತ್ತಿರ ಬರಬೇಡ' ಎಂದು ನಾಯಿ ಕೊಡುವ ಎಚ್ಚರಿಕೆ. ನಾನು ಅಳಿಸಿದ್ದು ಆ ಎಚ್ಚರಿಕೆಯನ್ನು, ಅದರ ಹಿಂದಿದ್ದ ಭಯ ಹಾಗೆಯೇ ಉಳಿದಿತ್ತು ಎಂಬುದು ಹೊಲಿಗೆ ಹಾಕಿಸಿಕೊಂಡು ಬಂದ ಮೇಲೆ ಹೊಳೆಯಿತು.

ನಿಮ್ಮ ಬಂಧುಗಳ ಸಲಹೆಗೂ ಒಂದು ಮೂಲವಿದೆ. 1947ರಲ್ಲಿ ಪ್ರಾಣಿಗಳ ವರ್ತನೆಯ ಸಂಶೋಧಕ ರುಡಾಲ್ಫ್ ಶೆಂಕೆಲ್ ಅವರು ಕೂಡಿಹಾಕಿದ್ದ ತೋಳಗಳನ್ನು ಗಮನಿಸಿ, ಅವು ಮೇಲ್ಮೆಗಾಗಿ ಸೆಣಸುವುದನ್ನು ವಿವರಿಸಿ ಬರೆದರು. ತೋಳದ ಆ ಮಾತು ಕ್ರಮೇಣ ನಾಯಿಗೂ, ನಾಯಿ ಸಾಕುವವರ ವರ್ತನೆಗೂ ದಾಟಿಕೊಂಡಿತು. ಆ ಕಲ್ಪನೆ ಜನಪ್ರಿಯವಾಗಲು ತಾವೂ ಕಾರಣರಾಗಿದ್ದ ಅಮೆರಿಕದ ತೋಳ ಸಂಶೋಧಕ ಡೇವಿಡ್ ಮೆಚ್ ಅವರೇ, ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಹಲವು ಬೇಸಿಗೆಗಳನ್ನು ಕಾಡುತೋಳಗಳ ನಡುವೆ ಕಳೆದು, ಹಿಂಡು ಎಂಬುದು ಸಾಮಾನ್ಯವಾಗಿ ತಂದೆ, ತಾಯಿ ಮತ್ತು ಅವುಗಳ ಮರಿಗಳಿರುವ ಸಂಸಾರ ಎಂದು 1999ರಲ್ಲಿ ಬರೆದರು. ಅಲ್ಲಿ ಮುಂದಾಳುತನ ಕುಸ್ತಿ ಗೆದ್ದು ಪಡೆದ ಪಟ್ಟವಲ್ಲ, ಹೆತ್ತವರಿಗೆ ತಾನಾಗಿ ಬಂದ ಹೊಣೆ. ಅಷ್ಟಕ್ಕೂ ನಾವು ಸಾಕುತ್ತಿರುವುದು ತೋಳವನ್ನಲ್ಲವಲ್ಲ!

ಎರಡನೆಯ ನಾಯಿಗೆ ಇದೇ ಚಾಳಿ ಬಂದಾಗ ನಾನು ಬೇರೆ ದಾರಿ ಹಿಡಿದೆ. ಅದು ತಿನ್ನುತ್ತಿರುವಾಗ, ಮೈ ಬಿಗಿಯಾಗದಷ್ಟು ದೂರದಲ್ಲಿ, ಅಂದರೆ ಏಳೆಂಟು ಹೆಜ್ಜೆ ಆಚೆ ಹಾದುಹೋಗುತ್ತ, ಬಟ್ಟಲಲ್ಲಿ ಇರುವುದಕ್ಕಿಂತ ರುಚಿಯಾದ ಒಂದು ತುಣುಕನ್ನು ಅದರತ್ತ ಎಸೆದು, ನಿಲ್ಲದೆ ಮುಂದೆ ನಡೆದುಬಿಡುತ್ತಿದ್ದೆ. ಎರಡು ಮೂರು ದಿನಕ್ಕೊಮ್ಮೆ ಅರ್ಧ ಹೆಜ್ಜೆಯಷ್ಟು ಹತ್ತಿರವಾದೆ. ತಿನ್ನುವುದನ್ನು ಸಟ್ಟನೆ ನಿಲ್ಲಿಸಿ ಸ್ತಬ್ಧವಾದರೆ, ಅಥವಾ ತಲೆಯನ್ನು ಬಟ್ಟಲಿನ ಮೇಲೆಯೇ ಇಟ್ಟು ಬಿಳಿಗುಡ್ಡೆ ಕಾಣುವಂತೆ ಓರೆಗಣ್ಣಿನಲ್ಲಿ ನೋಡಿದರೆ, ಆತುರಪಟ್ಟೆನೆಂದು ತಿಳಿದು ಮತ್ತೆ ಹಿಂದಕ್ಕೆ ಸರಿಯುತ್ತಿದ್ದೆ. ಸುಮಾರು ಒಂದೂವರೆ ತಿಂಗಳಾದ ಮೇಲೆ ನನ್ನ ಹೆಜ್ಜೆಯ ಸದ್ದಿಗೆ ಅದು ತಾನಾಗಿಯೇ ತಲೆಯೆತ್ತಿ, ಇವತ್ತೇನು ತಂದೆ ಎನ್ನುವಂತೆ ನೋಡತೊಡಗಿತು. ಮನೆಯಲ್ಲಿ ಮಕ್ಕಳಿದ್ದರೆ ಅವರಿಂದ ಈ ಅಭ್ಯಾಸ ಮಾಡಿಸಲೇಬೇಡಿ. ನಾಯಿಯ ಊಟ ಮುಚ್ಚಿದ ಬಾಗಿಲ ಹಿಂದೆ ಆಗಲಿ.

ಎರಡನೆಯ ಉತ್ತರ

ಹಗ್ಗ ಜಗ್ಗುವ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ಎದುರಿನಿಂದ ನಾಯಿ ಬರುತ್ತಿರುವುದು ಕಂಡೊಡನೆ ನಾನು ಉಸಿರು ಬಿಗಿಹಿಡಿದು ಹಗ್ಗವನ್ನು ಕೈಗೆ ಸುತ್ತಿಕೊಳ್ಳುತ್ತಿದ್ದೆ ಎಂಬುದನ್ನು ನನ್ನ ಮಗಳು ತೋರಿಸಿಕೊಡುವವರೆಗೆ ನಾನು ಗಮನಿಸಿಯೇ ಇರಲಿಲ್ಲ. ಇನ್ನೊಂದು ನಾಯಿ ಕಾಣಿಸುವುದಕ್ಕೂ ತನ್ನ ಕುತ್ತಿಗೆ ಬಿಗಿಯುವುದಕ್ಕೂ ನಂಟಿದೆ ಎಂದು ನನ್ನ ನಾಯಿ ಚೆನ್ನಾಗಿ ಕಲಿತಿತ್ತು. ಎಗರಿ ಬೊಗಳುವ ನಾಯಿಗಳಲ್ಲಿ ಎಷ್ಟೋ ಸಲ ಇರುವುದು ಅಂಜಿಕೆ. ಬೊಗಳುವ ಮೊದಲೇ ಅವು ತುಟಿ ಸವರಿಕೊಳ್ಳುತ್ತವೆ, ನಿದ್ದೆ ಇಲ್ಲದಿದ್ದರೂ ಆಕಳಿಸುತ್ತವೆ, ಮುಖ ಪಕ್ಕಕ್ಕೆ ತಿರುಗಿಸುತ್ತವೆ, ಏನೂ ಇಲ್ಲದ ನೆಲವನ್ನು ಮೂಸುತ್ತವೆ. ಬಾಲ ಅಲ್ಲಾಡಿತೆಂದು ಸ್ನೇಹ ಎಂದುಕೊಳ್ಳುವುದೂ ತಪ್ಪು: ಸೊಂಟದವರೆಗೆ ಇಡೀ ಮೈ ಬಳುಕುತ್ತಿದ್ದರೆ ಸ್ನೇಹ, ಬಾಲವೊಂದೇ ಎತ್ತರಕ್ಕೆ ನಿಂತು ಬಿರುಸಾಗಿ ಅದುರುತ್ತಿದ್ದರೆ ಉದ್ವೇಗ.

ನಾನು ಮಾಡಿದ್ದು ಇಷ್ಟೇ. ಬೇರೆ ನಾಯಿ ಕಂಡರೂ ನನ್ನದು ತಿನಿಸು ತಿನ್ನಬಲ್ಲಷ್ಟು ದೂರವನ್ನು ಮೊದಲು ಪತ್ತೆ ಮಾಡಿದೆ. ನಮ್ಮ ಲೆಕ್ಕಕ್ಕೆ ಅದು ನಲವತ್ತು ಹೆಜ್ಜೆ. ಆ ದೂರದಲ್ಲೇ ಹಗ್ಗ ಸಡಿಲವಾಗಿಟ್ಟು, ಅದು ಆ ನಾಯಿಯನ್ನು ನೋಡಿದ ಒಂದೆರಡು ಸೆಕೆಂಡಿನೊಳಗೆ ತಿನಿಸು ಕೊಟ್ಟು, ಬೊಗಳುವ ಮೊದಲೇ ಪಕ್ಕದ ದಾರಿಗೆ ತಿರುಗಿಬಿಡುತ್ತಿದ್ದೆ. ನೀವು ಕೇಳಿದ ಧೈರ್ಯ ಇಲ್ಲಿ ಬೇಕಾಗುತ್ತದೆ, ಏಕೆಂದರೆ ನೋಡುವವರು ಏನೆಂದುಕೊಂಡಾರು ಎಂದು ಹಿಂಜರಿಯದೆ ಬೇಗ ತಿರುಗಬೇಕು.

ಮೂರನೆಯ ಉತ್ತರ

ಮೊದಲು ಪಶುವೈದ್ಯರಿಗೆ ತೋರಿಸಿ. ನಮ್ಮದು ಇದ್ದಕ್ಕಿದ್ದಂತೆ ತಲೆ ಮುಟ್ಟಗೊಡದೆ ಗುರುಗುಟ್ಟತೊಡಗಿದಾಗ ನಾವು ಅಹಂಕಾರವೆಂದು ಬೈದೆವು, ಕಿವಿಯೊಳಗೆ ಸೋಂಕಾಗಿತ್ತು.

ನಾಲ್ಕನೆಯ ಉತ್ತರ

ಎಲ್ಲವನ್ನೂ ತಿನಿಸಿನಿಂದಲೇ ಸಾಧಿಸಬಹುದು ಎಂಬಂತೆ ಕೇಳಿಸುವ ಮಾತಿಗೆ ನನ್ನದೊಂದು ತಕರಾರಿದೆ. 14 ತಿಂಗಳೆಂದರೆ ಹದಿಹರೆಯ. ಕರೆದರೆ ಬಾರದಿರುವುದು ಆ ವಯಸ್ಸಿಗೆ ಸಹಜ. ಆದರೆ ನಮ್ಮ ಮನೆಯಲ್ಲಿ ಅದನ್ನು ಕೆಡಿಸಿದ್ದು ನಾವೇ. 'ಬಾ' ಎಂದು ಕರೆದು, ತಡವಾಗಿ ಬಂದದ್ದಕ್ಕೆ ಬೈದು, ಅದು ತಲೆ ತಗ್ಗಿಸಿದಾಗ ತಪ್ಪು ಅರಿವಾಗಿದೆ ಎಂದು ಸಮಾಧಾನಪಡುತ್ತಿದ್ದೆವು. ನಾಯಿಗಳ ವರ್ತನೆಯ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ ಅವರು 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನಾಯಿ ತಪ್ಪು ಮಾಡಿರಲಿ ಬಿಡಲಿ, ಒಡೆಯರು ಬೈದಾಗಲೇ ತಪ್ಪು ಮಾಡಿದಂಥ ಆ ಮುಖ ಹೆಚ್ಚಾಗಿ ಕಂಡಿತು. ಅಂದರೆ ಬಳಿಗೆ ಬಂದರೆ ಬೈಗುಳ ಸಿಗುತ್ತದೆ ಎಂದಷ್ಟೇ ನಾವು ಕಲಿಸಿದ್ದೆವು. ಕೊನೆಗೆ ಆ ಪದವನ್ನೇ ಬಿಟ್ಟು ಹೊಸ ಪದದಿಂದ, ಉದ್ದನೆಯ ಹಗ್ಗ ಕಟ್ಟಿ, ಮೊದಲಿನಿಂದ ಆರಂಭಿಸಬೇಕಾಯಿತು.

ಇನ್ನು, ಊಟಕ್ಕೆ ಕುಳಿತಾಗ ಕೊಡಬಾರದೆಂದು ನಾವು ನಾಲ್ವರು ತೀರ್ಮಾನಿಸಿದರೂ ನಮ್ಮ ತಂದೆ ಅಪರೂಪಕ್ಕೊಮ್ಮೆ ಒಂದು ತುತ್ತು ಕೊಡುತ್ತಿದ್ದರು, ಆ ಒಂದು ತುತ್ತಿಗಾಗಿ ಅದು ಇಡೀ ವಾರ ಕಾಡುತ್ತಿತ್ತು. ಅವರೂ ನಿಲ್ಲಿಸಿದ ಮೇಲೆ ಕಾಟ ಮೊದಲು ಇಮ್ಮಡಿಯಾಯಿತು, ಆಮೇಲೆ ತಣ್ಣಗಾಯಿತು. ನಡುವೆ ಸೋತು ಕೊಟ್ಟಿದ್ದರೆ ಜೋರಾಗಿ ಕಾಡಿದರೆ ಸಿಗುತ್ತದೆ ಎಂದು ಕಲಿಯುತ್ತಿತ್ತು. ಈಗ ಮನೆಯಲ್ಲಿ ಅದು ಹೆಚ್ಚು ಮಾತು ಕೇಳುವುದು ಎಂದೂ ದನಿ ಏರಿಸದ ನಮ್ಮ ಅತ್ತೆಯದು. ಅವರು ಒಂದೇ ಸಲ ಹೇಳುತ್ತಾರೆ, ಹೇಳಿದಂತೆಯೇ ನಡೆದುಕೊಳ್ಳುತ್ತಾರೆ.

ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ನಾಳೆ ವೈದ್ಯರಲ್ಲಿಗೆ ಹೋಗುತ್ತಿದ್ದೇವೆ. ಇಂದು ಬೆಳಿಗ್ಗೆ ಬಾಗಿಲಲ್ಲೇ ನಿಂತು ಅದು ತಿನ್ನುವುದನ್ನು ನೋಡಿದೆ. ನಾನು ಒಂದು ಕಾಲನ್ನು ಒಳಗಿಟ್ಟಾಗ ಅದು ಗುರುಗುಟ್ಟಲಿಲ್ಲ, ತುಟಿ ಸವರಿಕೊಂಡಿತು. ಕಾಲನ್ನು ಹಿಂದಕ್ಕೆ ತೆಗೆದೆ, ಅದು ತಿನ್ನುವುದನ್ನು ಮುಂದುವರಿಸಿತು.