ಕ್ರೀಟ್ ದ್ವೀಪದ ಸ್ಟಾವ್ರೋಸ್ ಬೀಚಿಗೆ ಮೌಶಿನ್ನ ಕರ್ಕೊಂಡು ಹೋಗಬೇಕಂತ ಮಾಡೇನಿ, ಹೋಗಿ ಬಂದವರು ಹೇಳ್ರಿ

ಸಾಧನಕೇರಿ

ನಮಸ್ಕಾರ ರೀ. ನಮ್ಮ ಮೌಶಿ ಧಾರವಾಡದಾಗ ಕಾಲೇಜಿನ್ಯಾಗ ಇಂಗ್ಲಿಷ್ ಕಲಸ್ತಿದ್ರು, ಈಗ ರಿಟೈರ್ ಆಗ್ಯಾರ. ಅವರಿಗೆ 1964ರ 'ಜೋರ್ಬಾ ದ ಗ್ರೀಕ್' ಸಿನಿಮಾ ಅಂದ್ರ ಪ್ರಾಣ, ಕಡೀಕ ಜೋರ್ಬಾ ಮತ್ತ ಅವನ ಜೋಡಿ ಇರೋ ಲೇಖಕ ಇಬ್ಬರೂ ಸಮುದ್ರದ ದಂಡಿ ಮ್ಯಾಲೆ ಕೈ ಚಾಚಿ ಕುಣೀತಾರಲ್ಲ, ಆ ಜಾಗಾ ಒಮ್ಮೆ ಕಣ್ಣಿಲೆ ನೋಡಬೇಕು ಅಂತ ಭಾಳ ವರ್ಷದಿಂದ ಅನಕೋತ ಬಂದಾರ. ಅದು ಗ್ರೀಸಿನ ಕ್ರೀಟ್ ದ್ವೀಪದಾಗ ಹಾನಿಯಾ ಊರಿನ ಹತ್ರ ಸ್ಟಾವ್ರೋಸ್ ಅನ್ನೋ ಹಳ್ಳಿ ಅಂತ ಗೊತ್ತಾಗೇದ. ಆದ್ರ ಹುಬ್ಬಳ್ಳಿಯೊಳಗ ಯಾವ ಟ್ರಾವೆಲ್ ಏಜೆಂಟ್‌ನ ಕೇಳಿದ್ರೂ ಸ್ಯಾಂಟೊರಿನಿ ಅನ್ನೋ ಬ್ಯಾರೆ ದ್ವೀಪದ ಪ್ಯಾಕೇಜ್ ಮುಂದ ಇಡ್ತಾರ, ಸ್ಟಾವ್ರೋಸ್ ಅಂದ್ರ ಹಾನಿಯಾದಿಂದ ಒಂದ್ ತಾಸು ಹೋಗಿ ಫೋಟೋ ತಕ್ಕೊಂಡು ಬರ್ರಿ ಸಾಕು ಅಂತಾರ.

ಅಲ್ಲಿ ಈಗೂ ಶಾಂತ ಅದನೋ ಅಥವಾ ಪೂರ್ತಿ ಗದ್ದಲ ಆಗೇದೋ? ಮೌಶಿಗೆ ಮೊಣಕಾಲು ನೋವು, ಭಾಳ ಹತ್ತಿ ಇಳಿಯೂದು ಆಗೂದಿಲ್ಲ. ಮತ್ತ ಪಕ್ಕಾ ಶಾಕಾಹಾರಿ, ತತ್ತಿನೂ ತಿನ್ನೂದಿಲ್ಲ. ಯಾವ ತಿಂಗಳು ಚಲೋ ಅನ್ನೂದನ್ನೂ ಹೇಳ್ರಿ.

ಮುಳಗುಂದ ನಾಕಾ

ನಾನು ಹಡಗಿನ ಕೆಲಸಕ್ಕ ಅಥೆನ್ಸ್ ಹತ್ರದ ಬಂದರ ಪಿರೇಯಸ್‌ನ್ಯಾಗ ಇದ್ದಾಗ ಅಲ್ಲಿಗೆ ಹೋಗೇನಿ, ಅದಕ್ಕ ಬರಿಯಾಕತ್ತೇನಿ. ಮೊದಲ ಮಾತು, ಒಂದ್ ತಾಸಿನ ಫೋಟೋ ಟ್ರಿಪ್ ಮಾತ್ರ ಮಾಡಬ್ಯಾಡ್ರಿ. ಸ್ಟಾವ್ರೋಸ್‌ನ್ಯಾಗ ರೂಮ್ ತಗೊಂಡು ಎರಡು ಮೂರು ರಾತ್ರಿ ಇರ್ರಿ. ಹಗಲ ಹೊತ್ತಿನ್ಯಾಗ ಹಾನಿಯಾದಿಂದ ಕಾರು ಬಸ್ಸಿನ್ಯಾಗ ಜನ ಬರ್ತಾರ, ಸಂಜಿ ಆತಂದ್ರ ಹೊಳ್ಳಿ ಹೋಗ್ತಾರ, ಆಮ್ಯಾಲೆ ಆ ಜಾಗಾ ಊರವರಿಗೂ ಅಲ್ಲೇ ಉಳಕೊಂಡವರಿಗೂ ಅಷ್ಟ. ಮುಂಜಾನಿ ಎದ್ದು ಹೋದ್ರೂ ಹಂಗ. ನಿಮ್ಮ ಮೌಶಿ ಇಷ್ಟು ವರ್ಷ ಕಾದಾರಂದ್ರ ಅವರಿಗೆ ಬೇಕಾಗಿದ್ದು ಆ ಹೊತ್ತು ರೀ, ಮಧ್ಯಾಹ್ನದ ಛತ್ರಿ ಸಾಲಲ್ಲ.

ಜಾಗಾ ಹೆಂಗೈತಿ ಅಂದ್ರ, ಕೊಲ್ಲಿ ಭಾಳ ಸಣ್ಣದು, ಹತ್ರ ಹತ್ರ ದುಂಡಗ ಐತಿ, ಸಮುದ್ರದ ಕಡೆ ಬಾಯಿ ಇಕ್ಕಟ್ಟು, ಅದಕ್ಕ ಒಳಗ ತೆರಿ ಇಲ್ಲ, ನೀರು ದೂರದ ತನಕ ಮೊಣಕಾಲ ಮಟ್ಟ ಸೊಂಟದ ಮಟ್ಟನ ಇರತೈತಿ. ಎದುರಿಗೆ ಗಿಡಾ ಮರಾ ಇಲ್ಲದ ಬೋಳು ಗುಡ್ಡ ನೀರಿನ್ಯಾಗಿಂದನ ಎದ್ದು ನಿಂತೈತಿ. ಸಿನಿಮಾದಾಗ ಮರದ ದಿಮ್ಮಿ ಇಳಿಸಾಕ ಹಗ್ಗದ ದಾರಿ ಕಟ್ಟಿರ್ತಾರಲ್ಲ, ಎಲ್ಲಾ ಕುಸದು ಬೀಳತೈತಿ, ಅದು ಇದ ಗುಡ್ಡದ ಮ್ಯಾಲೆ. ಸೆಟ್ಟಿನದು ಏನೂ ಉಳದಿಲ್ಲ. ಆದ್ರ ಗುಡ್ಡ ಅದ, ನೀರು ಅದ, ಕಪ್ಪು ಬಿಳುಪಿನ್ಯಾಗ ನೋಡಿದ್ದಕ್ಕ ಬಣ್ಣ ಬಂದಿರತೈತಿ ಅಷ್ಟ, ನೋಡಿದ ಕೂಡ್ಲೆ ಗುರ್ತು ಹತ್ತತೈತಿ. ಹಳ್ಳಿ ಮಾತ್ರ ಬೆಳದೈತಿ, ವಿಲ್ಲಾ, ಬಾಡಿಗಿ ರೂಮು, ಖಾನಾವಳಿ ಎಲ್ಲಾ ಅದಾವು, ಅದನ್ನ ಮೊದಲ ಮೌಶಿಗೆ ಹೇಳಿಡ್ರಿ.

ಮೊಣಕಾಲಿಗೆ ಚಿಂತಿ ಇಲ್ಲ, ಗಾಡಿ ಉಸುಕಿನ ಹತ್ರನ ಹೋಗತೈತಿ. ಗುಡ್ಡದಾಗಿನ ಗವಿಗೆ ಹತ್ತೋ ಕಾಲುದಾರಿ ಒಂದೈತಿ, ಅದು ಅವರಿಗೆ ಬ್ಯಾಡ. ಜುಲೈ ಆಗಸ್ಟ್ ಬಿಡ್ರಿ, ಯುರೋಪಿನವರಿಗೆಲ್ಲಾ ಆಗ ಸೂಟಿ, ಮ್ಯಾಲೆ ಉತ್ತರದಿಂದ ಮೆಲ್ಟೆಮಿ ಗಾಳಿ ಬ್ಯಾರೆ. ಸೆಪ್ಟೆಂಬರ್ ಅರ್ಧದ ಮ್ಯಾಲೆ ಹೋಗ್ರಿ, ಬ್ಯಾಸಗಿ ಪೂರ್ತಿ ಕಾದ ನೀರು ಆಗಿನ್ನೂ ಬೆಚ್ಚಗ ಇರತೈತಿ. ಮೇ ತಿಂಗಳದಾಗ ಹೂ ಭಾಳ ಚಂದ, ಆದ್ರ ನೀರು ತಣ್ಣಗ.

ಉಣಕಲ್ ಕೆರಿ

ಮ್ಯಾಲಿನವರ ಮಾತು ಖರೆ, ಉಳಕೊಳ್ಳೋದ ಮುಖ್ಯ. ಸಿನಿಮಾ ಹುಚ್ಚಿನವನಾಗಿ ನಾ ಒಂದಿಷ್ಟು ಸೇರಸ್ತೀನಿ.

ಆ ಕುಣಿತಕ್ಕ ಸಿರ್ತಾಕಿ ಅಂತಾರ, ಗ್ರೀಸಿನ ಹಳೇ ಜಾನಪದ ಕುಣಿತ ಅಂತ ಭಾಳ ಮಂದಿ ತಿಳಕೊಂಡಾರ, ಆದ್ರ ಅದು ಹಳೇ ಹಸಾಪಿಕೋ ಕುಣಿತದ ಹೆಜ್ಜಿ ತಗೊಂಡು ಈ ಸಿನಿಮಾಕ್ಕಂತನ ಮಾಡಿದ್ದು. ಜೋರ್ಬಾ ಪಾತ್ರ ಮಾಡಿದ ಆಂಥೋನಿ ಕ್ವಿನ್ ಅವರ ಕಾಲಿಗೆ ಪೆಟ್ಟಾಗಿತ್ತು, ಜಿಗಿಯಾಕ ಆಗ್ತಿರಲಿಲ್ಲ, ಅದಕ್ಕ ಕಾಲು ಎಳದು ಸರಿಯೋ ಹೆಜ್ಜಿ ಹಾಕಿದೆ ಅಂತ ಅವರ ಹೇಳ್ಯಾರ. ಮೌಶಿಗೆ ಇದನ್ನ ಹೇಳ್ರಿ! ಮೊಣಕಾಲು ನೋವಿದ್ರೂ ಮೊದಲಿನ ಸಾವಕಾಶ ಭಾಗ ಉಸುಕಿನ ಮ್ಯಾಲೆ ಹಾಕಬಹುದು, ನೀವು ಹೆಗಲು ಕೊಡ್ರಿ.

ಇನ್ನೊಂದು ನನಗ ಭಾಳ ಮನಸ್ಸಿಗೆ ಹತ್ತಿದ್ದು. ಕ್ಯಾಮೆರಾ ಮಾಡಿದ ವಾಲ್ಟರ್ ಲಾಸಲಿ ಈ ಸಿನಿಮಾಕ್ಕ ಆಸ್ಕರ್ ತಗೊಂಡವರು, ಮುಂದ ವಯಸ್ಸಾದ ಮ್ಯಾಲೆ ಇದ ಸ್ಟಾವ್ರೋಸ್‌ಗೆ ಬಂದು ನೆಲಸಿದ್ರು, ಆ ಆಸ್ಕರ್ ಮೂರ್ತಿನ ದಂಡಿ ಮ್ಯಾಲಿನ ಖಾನಾವಳಿಯೊಳಗ ಎಲ್ಲಾರೂ ನೋಡ್ಲಿ ಅಂತ ಇಟ್ಟಿದ್ರು. 2012ರಾಗ ಆ ಖಾನಾವಳಿಗೆ ಬೆಂಕಿ ಬಿದ್ದು ಅದೂ ಹೋತು. ಅವರು 2017ರಾಗ ತೀರ್ಕೊಂಡ್ರು. ಜಗತ್ತು ತಿರಗಿದ ಕ್ಯಾಮೆರಾಮನ್ ಒಬ್ಬ ಉಳಿಯಾಕ ಆ ದಂಡಿನ ಆರಿಸ್ಕೊಂಡಾನಂದ್ರ ಅಲ್ಲಿನ ಬೆಳಕಿನ್ಯಾಗ ಏನೋ ಇರಬೇಕಲ್ರಿ.

ಸಂಗೀತ ಕೊಟ್ಟ ಮಿಕಿಸ್ ಥಿಯೊಡೊರಾಕಿಸ್ 2021ರಾಗ ತೀರ್ಕೊಂಡ ಮ್ಯಾಲೆ ಹಾನಿಯಾ ಹತ್ರದ ಗಲಾಟಾಸ್ ಹಳ್ಳಿಯೊಳಗ ಮಣ್ಣು ಮಾಡ್ಯಾರ, ಟೈಮಿದ್ರ ಹೋಗಿ ಬರ್ರಿ. ಈ ಸಿನಿಮಾದ ಮೂಲ ಕಾದಂಬರಿ ಬರದ ಕಜಾಂಟ್‌ಜಾಕಿಸ್ ಸಮಾಧಿ ಹೆರಾಕ್ಲಿಯನ್ ಊರಿನ ಹಳೇ ಕೋಟಿ ಗೋಡಿ ಮ್ಯಾಲೆ ಐತಿ, ಸಾದಾ ಮರದ ಶಿಲುಬಿ, ಏನೂ ಆಡಂಬರ ಇಲ್ಲ. ಸಾಹಿತ್ಯ ಕಲಿಸಿದವರಂದ್ರ ಅದನ್ನ ಬಿಡಬಾರದು, ಹಾನಿಯಾದಿಂದ ಬಸ್ಸಿನ್ಯಾಗ ಮೂರು ತಾಸಿನೊಳಗ ಮುಟ್ಟಬಹುದು. ಅಂದಂಗ ಜೋರ್ಬಾ ಪಾತ್ರಕ್ಕ ಮೂಲ ಆದ ನಿಜವಾದ ಮನಷ್ಯಾ ಜೋರ್ಬಾಸ್ ಮತ್ತ ಕಜಾಂಟ್‌ಜಾಕಿಸ್ ಕೂಡಿ ಕಲ್ಲಿದ್ದಲು ಗಣಿ ನಡಿಸಿದ್ದು ಕ್ರೀಟ್‌ನ್ಯಾಗಲ್ಲ, ಗ್ರೀಸಿನ ಮುಖ್ಯ ನೆಲದಾಗ ಮಾನಿ ಸೀಮಿಯ ಸ್ಟೂಪಾ ಹತ್ರ. ಆದ್ರ ಮೌಶಿ ಮನಸ್ಸಿನ್ಯಾಗ ಇರೋದು ಸಿನಿಮಾದ ದಂಡಿ, ಅದಕ್ಕ ಸ್ಟಾವ್ರೋಸ್‌ಗೇ ಹೋಗ್ರಿ.

ಹಾವೇರಿ ಯಾಲಕ್ಕಿ

ಊಟದ ಬಗ್ಗೆ ನಾ ಹೇಳ್ತೀನಿ, ನಮ್ಮ ಮನಿಯವರೂ ಶಾಕಾಹಾರಿ, ಕ್ರೀಟ್‌ನ್ಯಾಗ ಉಪವಾಸ ಬೀಳಲಿಲ್ಲ. ಹೋರ್ತಾ ಅಂತ ಕಾಡುಸೊಪ್ಪು ಕುದಿಸಿ ಆಲಿವ್ ಎಣ್ಣಿ ಲಿಂಬಿಹುಳಿ ಹಾಕಿ ಕೊಡ್ತಾರ, ದೊಡ್ಡ ಬಿಳಿ ಅವರಿಕಾಳಿನಂಥ ಕಾಳಿನ ಪಲ್ಲೆ, ಬೆಂಡಿಕಾಯಿ ಪಲ್ಲೆ, ಟೊಮೆಟೊ ಮತ್ತ ಡೊಣ್ಣಮೆಣಸಿನಕಾಯಿಯೊಳಗ ಅಕ್ಕಿ ತುಂಬಿ ಬೇಯಿಸಿದ್ದು, ಇವೆಲ್ಲಾ ಮನಿ ಅಡಗಿ ರುಚಿ ಕೊಡ್ತಾವು. ಡಾಕೋಸ್ ಅಂತ ಜವೆಗೋದಿ ರಸ್ಕ್ ಇರತೈತಿ, ನಮ್ಮ ಖಡಕ್ ರೊಟ್ಟಿಗಿಂತನೂ ಬಿರುಸು, ಮ್ಯಾಲೆ ಟೊಮೆಟೊ ಚೀಜ್ ಹಾಕಿರ್ತಾರ.

ಆದ್ರ ಎರಡು ವಿಷಯ ಎಚ್ಚರ ಇರ್ರಿ. ಅಲ್ಲಿನ ಸಾಂಪ್ರದಾಯಿಕ ಚೀಜ್ ಹೆಪ್ಪು ಹಾಕಾಕ ಕುರಿಮರಿ ಹೊಟ್ಟಿಯಿಂದ ತಗದ ರೆನೆಟ್ ಬಳಸ್ತಾರ, ಮೌಶಿ ಪಕ್ಕಾ ಅಂದ್ರ ಚೀಜ್ ಬ್ಯಾಡ ಅಂತ ಹೇಳಿಬಿಡ್ರಿ. ಇನ್ನೊಂದು, ಅವರ ಚರ್ಚಿನ ಉಪವಾಸದ ಊಟಕ್ಕ ನಿಸ್ತಿಸಿಮೋ ಅಂತಾರ, ಅದರಾಗ ಮಾಂಸ ತತ್ತಿ ಹಾಲು ಇರಂಗಿಲ್ಲ ಖರೆ, ಆದ್ರ ಸಿಗಡಿ, ಸ್ಕ್ವಿಡ್ ನಡೀತಾವು! ಅದಕ್ಕ ಆ ಮಾತೊಂದನ್ನ ನಂಬಿ ಆರ್ಡರ್ ಮಾಡಬ್ಯಾಡ್ರಿ, ಸಮುದ್ರದ್ದೂ ಬ್ಯಾಡ ಅಂತ ಬಿಡಿಸಿ ಹೇಳ್ರಿ. ಚಟ್ನಿ ಪುಡಿ ಕಟ್ಟಿಕೊಂಡು ಹೋಗೋದು ಹೇಳೋದ ಬ್ಯಾಡ.

ಸಾಧನಕೇರಿ

ಎಲ್ಲಾರಿಗೂ ಭಾಳ ಥ್ಯಾಂಕ್ಸ್ ರೀ. ಕ್ವಿನ್ ಕಾಲಿನ ಸುದ್ದಿ ಓದಿ ಹೇಳಿದೆ, ಮೌಶಿ ಕೂತಲ್ಲೇ ಕಾಲು ಸರಿಸಿ ನೋಡಿದ್ರು. ಸೆಪ್ಟೆಂಬರ್ ಕೊನೀ ವಾರ ಅಂತ ನಿಕ್ಕಿ ಆತು. ಅಥೆನ್ಸ್‌ನಿಂದ ವಿಮಾನ ಚಲೋನೋ ಹಡಗು ಚಲೋನೋ? ಮತ್ತ ವೀಸಾ ಯಾವಾಗ ಹಾಕಲಿ?

ಮುಳಗುಂದ ನಾಕಾ

ಹಡಗು ಅಂದ್ರ ಪಿರೇಯಸ್‌ನಿಂದ ರಾತ್ರಿ ಬಿಟ್ಟು ಮುಂಜಾನಿ ಹಾನಿಯಾ ಹತ್ರದ ಸೂಡಾ ಬಂದರಕ್ಕ ಮುಟ್ಟಸತೈತಿ, ಕ್ಯಾಬಿನ್ ತಗೊಂಡ್ರ ಮಲಕೊಂಡು ಹೋಗಬಹುದು. ಆದ್ರ ಹಡಗಿನ್ಯಾಗ ಮೆಟ್ಟಲಾ ಹತ್ತಬೇಕಾಗತೈತಿ, ಮೊಣಕಾಲಿಗೆ ವಿಮಾನನ ಚಲೋ. ಹಾನಿಯಾ ವಿಮಾನ ನಿಲ್ದಾಣ ಸ್ಟಾವ್ರೋಸ್ ಇರೋ ಅಕ್ರೊತಿರಿ ಸೀಮಿಯೊಳಗನ ಐತಿ, ಊರಿಗೆ ಹೋಗದ ಸೀದಾ ಟ್ಯಾಕ್ಸಿ ಮಾಡ್ರಿ. ಸೂಡಾ ಕಡೆ ನೌಕಾನೆಲೆ ಐತಿ, ಫೋಟೋ ತಗೀಬ್ಯಾಡ್ರಿ ಅನ್ನೋ ಬೋರ್ಡ್ ಇದ್ದಲ್ಲಿ ಮೊಬೈಲ್ ಎತ್ತಬ್ಯಾಡ್ರಿ. ಗ್ರೀಸಿಗೆ ಬೇಕಾಗೋ ಷೆಂಗೆನ್ ವೀಸಾಕ್ಕ ಆರು ತಿಂಗಳು ಮೊದಲಿಂದ ಅರ್ಜಿ ಹಾಕಬಹುದು, ಬ್ಯಾಸಗಿಯೊಳಗ ಅಪಾಯಿಂಟ್‌ಮೆಂಟ್ ಸಿಗೋದು ಕಷ್ಟ ಆಗತೈತಿ, ಅದಕ್ಕ ಮೇ ಜೂನ್‌ನ್ಯಾಗ ಮುಗಿಸ್ರಿ. ದೊಡ್ಡವರಿಗೆ 90 ಯೂರೋ ಫೀ, ಕಮ್ಮಿ ಅಂದ್ರೂ 30,000 ಯೂರೋ ಕವರ್ ಇರೋ ಟ್ರಾವೆಲ್ ಇನ್ಶೂರೆನ್ಸ್ ಬೇಕು, ಬೆರಳಚ್ಚು ಕೊಡಾಕ ಮೌಶಿ ಖುದ್ದು ಹೋಗಬೇಕು. ರೂಮ್ ಬುಕ್ ಮಾಡುಮುಂದ ನೆಲಮಹಡಿನ ಕೇಳ್ರಿ, ಕೊಲ್ಲಿ ಕಡೆ ಮುಖ ಇರೋದು.